ಗಾಡಿಗೆ ಇನ್ಶೂರೆನ್ಸ್ ಇದೆ, ಓಡಿಸುವವರಿಗೆ ಇದೆಯಾ?

(ಬೆಂಗಳೂರಿನಲ್ಲಿ ಆ್ಯಪ್‌ಗಳಿಗೆ ಕಾರು ಓಡಿಸುವ ಚಾಲಕರ ಸಭೆಯೊಂದರಲ್ಲಿ ವಕೀಲರೊಬ್ಬರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬೆಳಗಿನ ಬಾಡಿಗೆ ಬಿಟ್ಟು, ಲಾಗೌಟ್ ಮಾಡಿ ಬಂದಿದ್ದೀರಿ. ಅದಕ್ಕೆ ತಕ್ಕ ವಿಷಯ ನಿಮಗೆ ಸಿಗಬೇಕು. ಹಾಗಾಗಿ ನೇರವಾಗಿ ಶುರು ಮಾಡುತ್ತೇನೆ. ನಿಮ್ಮ ಫೋನಿನಲ್ಲಿ ಗಾಡಿಯ ಇನ್ಶೂರೆನ್ಸ್ ಪಿಡಿಎಫ್ ಇರುತ್ತದೆ. ಪೊಲೀಸರು ಕೈ ಅಡ್ಡ ಹಾಕಿದಾಗ ತೋರಿಸೋಕೆ ಅಂತ ಇಟ್ಟುಕೊಂಡಿರುತ್ತೀರಿ. ಅದನ್ನು ಈಗಲೇ ತೆಗೆಯಿರಿ. ಪ್ರೀಮಿಯಂ ಲೆಕ್ಕ ಬರೆದಿರುವ ಪುಟಕ್ಕೆ ಹೋಗಿ.

ಅಲ್ಲಿ ಎರಡು ಭಾಗ ಕಾಣುತ್ತದೆ. ಒಂದು ಓನ್ ಡ್ಯಾಮೇಜ್, ಅಂದರೆ ನಿಮ್ಮ ಗಾಡಿಗೆ ಆಗುವ ನಷ್ಟದ್ದು. ಇನ್ನೊಂದು ಲಯಬಿಲಿಟಿ, ನಾವೆಲ್ಲ ಥರ್ಡ್ ಪಾರ್ಟಿ ಅನ್ನುವುದು ಇದನ್ನೇ. ಡಿಜೈರ್, ಎಟಿಯೋಸ್, ಔರಾ ಇರುವವರು ಈ ಎರಡನೇ ಭಾಗದ ಮೊದಲ ಸಾಲು ನೋಡಿ. 1000 ಸಿಸಿ ಮೇಲೆ, 1500 ಸಿಸಿ ಒಳಗಿನ ಟ್ಯಾಕ್ಸಿಗೆ 2022ರ ಜೂನ್‌ನಲ್ಲಿ ಜಾರಿಗೆ ಬಂದ ದರ 7,940 ರೂಪಾಯಿ. ಅದರ ಕೆಳಗೆ ಪ್ರಯಾಣಿಕರ ಲೆಕ್ಕ. ಒಬ್ಬರಿಗೆ 978ರಂತೆ ನಾಲ್ಕು ಸೀಟಿಗೆ 3,912. ಎರಡೂ ಸೇರಿ 11,852. ಇದರ ಮೇಲೆ ಜಿಎಸ್‌ಟಿ ಬೇರೆ. ಇದೇ ಇಂಜಿನ್ ಇರುವ ಬಿಳಿ ಬೋರ್ಡಿನ ಖಾಸಗಿ ಕಾರಿಗೆ ಅದೇ ಪಟ್ಟಿಯಲ್ಲಿ ಎಷ್ಟು ಗೊತ್ತಾ? 3,416. ಮೂರು ಪಟ್ಟಿಗಿಂತ ಜಾಸ್ತಿ ಕಟ್ಟುತ್ತಿದ್ದೀರಿ.

ಈ ದರ ಕಂಪನಿ ಇಷ್ಟ ಬಂದ ಹಾಗೆ ಹಾಕಿದ್ದಲ್ಲ. ಥರ್ಡ್ ಪಾರ್ಟಿ ದರವನ್ನು ಕೇಂದ್ರ ಸರ್ಕಾರವೇ ಅಧಿಸೂಚನೆ ಹೊರಡಿಸಿ ಗೊತ್ತು ಮಾಡುತ್ತದೆ. ಯಾವ ಏಜೆಂಟ್ ಹತ್ತಿರ ಹೋದರೂ ಇದು ಒಂದೇ. "ಥರ್ಡ್ ಪಾರ್ಟೀಲಿ ಡಿಸ್ಕೌಂಟ್ ಕೊಡಿಸ್ತೀನಿ" ಅಂತ ಯಾರಾದರೂ ಅಂದರೆ ಹುಷಾರಾಗಿರಿ. ಆ ಪಾಲಿಸಿ ನಕಲಿ ಇರಬಹುದು, ಇಲ್ಲವೇ ನಿಮ್ಮ ಗಾಡಿಯನ್ನು ಬಿಳಿ ಬೋರ್ಡ್ ಎಂದು ಬರೆದಿರಬಹುದು. ಎಲೆಕ್ಟ್ರಿಕ್ ಕಾರಿಗೆ ಮಾತ್ರ ನಿಯಮದಲ್ಲೇ ನೂರಕ್ಕೆ 15ರಷ್ಟು ರಿಯಾಯಿತಿ ಇದೆ, ಅದು ಬೇರೆ ಮಾತು.

ಟ್ಯಾಕ್ಸಿಗೆ ಇಷ್ಟು ಜಾಸ್ತಿ ಯಾಕೆ? ನಿಮ್ಮ ಗಾಡಿ ದಿನವಿಡೀ ರೋಡಿನಲ್ಲಿ ಇರುತ್ತದೆ. ಒಳಗೆ ಕೂರುವವರು ಬಾಡಿಗೆ ಕೊಟ್ಟ ಅಪರಿಚಿತರು. ಅಪಘಾತದಲ್ಲಿ ಒಳಗಿದ್ದ ಪ್ರಯಾಣಿಕರೋ, ರಸ್ತೆ ದಾಟುತ್ತಿದ್ದವರೋ, ಬೈಕಿನವರೋ ಸತ್ತರೆ, ಗಾಯವಾದರೆ ಅವರಿಗೆ ಕೊಡುವ ಪರಿಹಾರಕ್ಕೆ ಈ ಪಾಲಿಸಿಯಲ್ಲಿ ಮಿತಿಯೇ ಇಲ್ಲ. ಕೋರ್ಟ್ 20 ಲಕ್ಷ ಅಂದರೂ ಕಂಪನಿ ಕೊಡಬೇಕು, ಎರಡು ಕೋಟಿ ಅಂದರೂ ಕೊಡಬೇಕು. ಬೇರೆಯವರ ಗಾಡಿ, ಕಾಂಪೌಂಡು, ಅಂಗಡಿಗೆ ಆಗುವ ನಷ್ಟಕ್ಕೆ ಮಾತ್ರ ಸಾಮಾನ್ಯವಾಗಿ ಏಳೂವರೆ ಲಕ್ಷದ ಮಿತಿ ಇರುತ್ತದೆ. ಅಂದರೆ ನೀವು ಕಟ್ಟುವ 11,852 ರೂಪಾಯಿ ವ್ಯರ್ಥವಲ್ಲ. ಅದು ನಿಮ್ಮ ಮನೆ, ಸೈಟು, ಊರಿನ ಜಮೀನು ಉಳಿಸುವ ದುಡ್ಡು.

ಆದರೆ ಈ ಥರ್ಡ್ ಪಾರ್ಟಿ ಅನ್ನುವುದರಲ್ಲಿ ಒಬ್ಬರು ಸೇರುವುದಿಲ್ಲ. ಸ್ವಂತ ಗಾಡಿಯ ಸ್ಟೀರಿಂಗ್ ಹಿಡಿದಿರುವ ನೀವು.

ಇದನ್ನು ಹೇಳೋಕೇ ನಾನು ಇವತ್ತು ಬಂದಿರುವುದು. ನಾನು ಎಂವಿಸಿ, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸು ನಡೆಸುವವನು. ಒಮ್ಮೆ ಒಬ್ಬ ಹೆಣ್ಣುಮಗಳು ಕವರಿನ ತುಂಬ ಕಾಗದ ಹಿಡಿದು ನನ್ನ ಹತ್ತಿರ ಬಂದರು. ಗಂಡ ಏರ್‌ಪೋರ್ಟ್ ಡ್ರಾಪ್ ಮುಗಿಸಿ ಬೆಳಗಿನ ಜಾವ ವಾಪಸ್ ಬರುವಾಗ ಗಾಡಿ ಡಿವೈಡರ್‌ಗೆ ಹೊಡೆದು ತೀರಿಕೊಂಡಿದ್ದರು. ಎದುರಿಗೆ ಬೇರೆ ಗಾಡಿ ಇರಲಿಲ್ಲ. ಆರ್‌ಸಿ, ಪರ್ಮಿಟ್, ಎಫ್‌ಸಿ, ಡಿಎಲ್ ಎಲ್ಲವೂ ಸರಿಯಾಗಿದ್ದವು. ಪಾಲಿಸಿ ಚಾಲ್ತಿಯಲ್ಲಿತ್ತು. "ಫುಲ್ ಇನ್ಶೂರೆನ್ಸ್ ಮಾಡ್ಸಿದ್ರು ಸಾರ್" ಅಂದರು. ನಾನು ಪ್ರೀಮಿಯಂ ಪುಟ ತೆಗೆದೆ. ಪಿಎ ಓನರ್ ಡ್ರೈವರ್, ಅಂದರೆ ಗಾಡಿ ಓಡಿಸುವ ಮಾಲೀಕರ ಅಪಘಾತ ವಿಮೆ ಎಂಬ ಸಾಲಿನ ಎದುರು ಸೊನ್ನೆ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಮಾಲೀಕರಿಗೆ ಈಗಾಗಲೇ ಬೇರೆ ಅಪಘಾತ ಪಾಲಿಸಿ ಇದೆಯೆಂದು ಅವರೇ ತಿಳಿಸಿದ್ದಾರೆ ಎಂಬ ಸಾಲು. ಅಂಥ ಪಾಲಿಸಿ ಯಾವುದೂ ಇರಲಿಲ್ಲ. ರಿನ್ಯೂ ಮಾಡುವಾಗ ಪ್ರೀಮಿಯಂ ಕಡಿಮೆ ತೋರಿಸೋಕೆ ಯಾರೋ ಆ ಬಾಕ್ಸಿಗೆ ಟಿಕ್ ಹಾಕಿದ್ದರು. ಉಳಿದ ದುಡ್ಡು ಒಂದು ದಿನದ ಡೀಸೆಲ್‌ಗೂ ಸಾಲುತ್ತಿರಲಿಲ್ಲ. ಆ ಮನೆಗೆ ಬರಬೇಕಿದ್ದ 15 ಲಕ್ಷ ಬರಲಿಲ್ಲ.

ಕಾನೂನು ಇಲ್ಲಿ ಗಟ್ಟಿಯಾಗಿದೆ. ನಿಮ್ಮದೇ ಗಾಡಿ, ನೀವೇ ಓಡಿಸುತ್ತಿದ್ದಿರಿ, ತಪ್ಪು ಬೇರೆ ಯಾರದ್ದೂ ಅಲ್ಲ ಅಂದರೆ, ನಿಮ್ಮ ಪಾಲಿಸಿಯ ಥರ್ಡ್ ಪಾರ್ಟಿ ಭಾಗದಿಂದ ನಿಮ್ಮ ಮನೆಯವರು ಏನನ್ನೂ ಕೇಳುವ ಹಾಗಿಲ್ಲ. ಸಿಗುವುದು ಆ ಒಂದು ಪಿಎ ಸಾಲಿನ ದುಡ್ಡು ಮಾತ್ರ. 2018ರಲ್ಲಿ ಇದರ ಮೊತ್ತವನ್ನು 15 ಲಕ್ಷಕ್ಕೆ ಏರಿಸಿದರು. 2019ರ ಜನವರಿಯಿಂದ ಅದನ್ನು ಗಾಡಿಯ ಪಾಲಿಸಿಯಲ್ಲೇ ತಗೊಳ್ಳಬೇಕೆಂದಿಲ್ಲ, ಬೇರೆಯಾಗಿಯೂ ತಗೊಳ್ಳಬಹುದು ಎಂದರು. ಆ ಟಿಕ್ ಬಾಕ್ಸ್ ಬಂದಿದ್ದು ಹಾಗೆ. ನಿಯಮ ಒಳ್ಳೆಯದೇ, ಬೇರೆ ಪಾಲಿಸಿ ಇದ್ದವರು ಎರಡೆರಡು ಸಲ ಕಟ್ಟುವುದು ತಪ್ಪಿತು. ಆದರೆ ಪಾಲಿಸಿ ಇಲ್ಲದವರ ಹೆಸರಲ್ಲೂ ಟಿಕ್ ಬೀಳುತ್ತಿದೆ. ದಯವಿಟ್ಟು ಈಗಲೇ ಆ ಸಾಲು ನೋಡಿ. ಸೊನ್ನೆ ಇದ್ದರೆ ನಾಳೆಯೇ ಏಜೆಂಟ್‌ಗೆ ಫೋನ್ ಮಾಡಿ.

ಆ 15 ಲಕ್ಷ ಯಾವಾಗ ಬರುತ್ತದೆ ಅನ್ನುವುದೂ ಗೊತ್ತಿರಲಿ. ಸಾವಿಗೆ ಪೂರ್ತಿ. ಎರಡು ಕೈ, ಎರಡು ಕಾಲು, ಎರಡು ಕಣ್ಣು ಹೋದರೆ ಪೂರ್ತಿ. ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ ಅರ್ಧ. ಕಾಲು ಮುರಿದು ರಾಡ್ ಹಾಕಿಸಿಕೊಂಡು ಮೂರು ತಿಂಗಳು ಮಂಚದ ಮೇಲೆ ಮಲಗಿದರೆ? ಒಂದು ರೂಪಾಯಿಯೂ ಇಲ್ಲ. ನಿಮ್ಮ ಕಸುಬಿನಲ್ಲಿ ಜಾಸ್ತಿ ಆಗುವುದು ಇದೇ ಅಲ್ವಾ? ಗಾಡಿ ನಿಂತರೆ ಆದಾಯ ನಿಂತಿತು, ಇಎಂಐ ನಿಲ್ಲುವುದಿಲ್ಲ. ಇದಕ್ಕೆ ಬೇರೆಯಾಗಿ ಒಂದು ಪರ್ಸನಲ್ ಆ್ಯಕ್ಸಿಡೆಂಟ್ ಪಾಲಿಸಿ ಬೇಕು. ತಗೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: "ಕೆಲಸಕ್ಕೆ ಹೋಗೋಕೆ ಆಗದ ವಾರಗಳಿಗೆ ದುಡ್ಡು ಕೊಡ್ತೀರಾ?" ಕೊಡುವ ಪಾಲಿಸಿಗಳಿವೆ. ಪ್ರೀಮಿಯಂ ಸ್ವಲ್ಪ ಜಾಸ್ತಿ. ಜೊತೆಗೆ, ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದೆ. ಅಪಘಾತದಲ್ಲಿ ಸಾವಾದರೆ ಎರಡು ಲಕ್ಷ. ದೊಡ್ಡ ಮೊತ್ತವಲ್ಲ, ಆದರೆ 20 ರೂಪಾಯಿಗೆ ಯಾಕೆ ಬಿಡಬೇಕು?

ಇನ್ನು ಬೇರೆಯವರ ಗಾಡಿ ಓಡಿಸುವವರು. ದಿನಕ್ಕೆ ಇಷ್ಟು ಅಂತ ಕಟ್ಟಿ ಲೀಸಿಗೆ ತಗೊಂಡವರು, ಸಂಬಳಕ್ಕೆ ಇರುವವರು, ಭಾವನ ಗಾಡಿ ಓಡಿಸುವವರು ಇಲ್ಲಿ ಎಷ್ಟೋ ಜನ ಇದ್ದೀರಿ. ನಿಮಗೆ ಆ ಪಿಎ ಸಾಲು ಇದ್ದರೂ ಪ್ರಯೋಜನವಿಲ್ಲ. ಅದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರು ಓಡಿಸುತ್ತಿದ್ದಾಗ ಮಾತ್ರ. ಗಾಡಿ ಕಂಪನಿಯ ಹೆಸರಿನಲ್ಲಿದ್ದರೆ ಆ ಸಾಲು ಇರುವುದೇ ಇಲ್ಲ. ನೀವು ಹುಡುಕಬೇಕಾದ್ದು ಪೇಯ್ಡ್ ಡ್ರೈವರ್ ಅನ್ನುವ ಸಾಲು. ಅದರ ಪ್ರೀಮಿಯಂ ನೂರು ರೂಪಾಯಿಯೂ ಆಗುವುದಿಲ್ಲ. ಆದರೆ ಅದರಿಂದ ಪರಿಹಾರ ಬರಬೇಕಾದರೆ ನೀವು ಮಾಲೀಕರ ಹತ್ತಿರ ಕೆಲಸಕ್ಕಿದ್ದಿರಿ ಎಂದು ತೋರಿಸಬೇಕು. ಅಪಘಾತ ಆದ ಮೇಲೆ ಮಾಲೀಕರು "ಅವನು ಕೆಲಸದವನಲ್ಲ, ಬಾಡಿಗೆಗೆ ತಗೊಂಡಿದ್ದ" ಅಂದುಬಿಟ್ಟರೆ ಕೇಸು ಜಟಿಲವಾಗುತ್ತದೆ. ದುಡ್ಡಿನ ವ್ಯವಹಾರ ನಗದಿನಲ್ಲಿ ಬೇಡ, ಯುಪಿಐನಲ್ಲಿ ಇರಲಿ. ನಿಮ್ಮಿಬ್ಬರ ಮಧ್ಯೆ ಏನು ಒಪ್ಪಂದ ಅನ್ನುವುದು ಒಂದು ವಾಟ್ಸಾಪ್ ಮೆಸೇಜಿನಲ್ಲಾದರೂ ಇರಲಿ. ಲೀಸಿನವರಂತೂ ಸ್ವಂತ ಹೆಸರಿನಲ್ಲಿ ಅಪಘಾತ ಪಾಲಿಸಿ ಮಾಡಿಸಿಕೊಳ್ಳದೆ ಗಾಡಿ ಹತ್ತಬೇಡಿ.

ಈಗ ಇದರ ಇನ್ನೊಂದು ಮಗ್ಗುಲು. ತಪ್ಪು ಎದುರಿನವರದಾಗಿದ್ದರೆ, ಅವರ ಗಾಡಿಯ ಪಾಲಿಸಿಗೆ ನೀವು ಥರ್ಡ್ ಪಾರ್ಟಿ. ಆಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಸು ಹಾಕಬಹುದು. ಕಾನೂನಿನಲ್ಲಿ ಆರು ತಿಂಗಳ ಗಡುವು ಬರೆದಿದೆ, ಅದರೊಳಗೆ ಹಾಕಿಬಿಡಿ. ಇಲ್ಲಿ ಎಲ್ಲ ನಿಂತಿರುವುದು ನಿಮ್ಮ ಆದಾಯದ ಮೇಲೆ. ಆದಾಯ ತೋರಿಸುವ ದಾಖಲೆ ಇಲ್ಲದಿದ್ದರೆ ಕೋರ್ಟ್ ಅಂದಾಜಿನ ಆದಾಯ ಹಿಡಿಯುತ್ತದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ವರ್ಷವಾರು ಒಂದು ಪಟ್ಟಿಯೇ ಬಳಕೆಯಲ್ಲಿದೆ. ನೀವು ನಿಜವಾಗಿ ದುಡಿಯುವುದಕ್ಕಿಂತ ಅದು ಕಡಿಮೆ ಇರುವುದೇ ಹೆಚ್ಚು.

ಒಂದು ಲೆಕ್ಕ ಮಾಡೋಣ. ಎದುರಿನವರ ತಪ್ಪಿನಿಂದ ತೀರಿಕೊಂಡ 35 ವರ್ಷದ ಚಾಲಕ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಡೀಸೆಲ್, ರಿಪೇರಿ ಎಲ್ಲ ಕಳೆದು ತಿಂಗಳಿಗೆ 20,000 ಉಳಿಯುತ್ತಿತ್ತು ಎಂದು ದಾಖಲೆ ಇದೆ ಅಂದುಕೊಳ್ಳಿ. ಸ್ವಂತ ದುಡಿಮೆಯವರು, 40ರೊಳಗಿನವರು ಆದ್ದರಿಂದ ಮುಂದೆ ಆದಾಯ ಏರುತ್ತಿತ್ತು ಎಂದು ನೂರಕ್ಕೆ 40 ಸೇರಿಸುತ್ತಾರೆ. ಇದು 2017ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಲೆಕ್ಕ. 28,000 ಆಯಿತು. ನಾಲ್ಕು ಜನ ಅವಲಂಬಿತರು ಇರುವುದರಿಂದ ಚಾಲಕರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು 21,000. ವರ್ಷಕ್ಕೆ 2,52,000. ಆ ವಯಸ್ಸಿಗೆ 16ರಿಂದ ಗುಣಿಸಬೇಕು. 40,32,000. ಈಗ ದಾಖಲೆ ಇಲ್ಲ, ಕೋರ್ಟ್ 15,000 ಹಿಡಿಯಿತು ಅಂದುಕೊಳ್ಳಿ. ಇದೇ ದಾರಿಯಲ್ಲಿ ಹೋದರೆ ಬರುವುದು 30,24,000. ತಿಂಗಳಿಗೆ ಐದು ಸಾವಿರದ ವ್ಯತ್ಯಾಸ ಮಕ್ಕಳ ಪಾಲಿಗೆ ಹತ್ತು ಲಕ್ಷದ ವ್ಯತ್ಯಾಸವಾಯಿತು.

ಹಾಗಾದರೆ ಏನು ಮಾಡಬೇಕು? ಆ್ಯಪಿನಲ್ಲಿ ಬರುವ ಗಳಿಕೆಯ ಸ್ಟೇಟ್‌ಮೆಂಟನ್ನು ಪ್ರತಿ ತಿಂಗಳು ಡೌನ್‌ಲೋಡ್ ಮಾಡಿ ಮನೆಯವರಿಗೆ ಕಳಿಸಿ. ನಿಮ್ಮ ಐಡಿ ಬ್ಲಾಕ್ ಆದರೆ, ಫೋನ್ ಒಡೆದರೆ ಅದು ಸುಲಭವಾಗಿ ಸಿಗುವುದಿಲ್ಲ. ಬಾಡಿಗೆ ದುಡ್ಡು ಬ್ಯಾಂಕ್ ಖಾತೆಯ ಮೂಲಕ ಓಡಾಡಲಿ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ಐಟಿ ರಿಟರ್ನ್ ಹಾಕಿ. ತೆರಿಗೆಗೆ ಹೆದರಿ ಆದಾಯ ಮುಚ್ಚಿಡುವವರನ್ನು ಬಹಳ ನೋಡಿದ್ದೇನೆ. ಅಪಘಾತ ಆದ ದಿನ ಆ ಮುಚ್ಚಿಟ್ಟ ಆದಾಯವನ್ನು ಯಾರೂ ನಂಬುವುದಿಲ್ಲ.

ಬಿಳಿ ಬೋರ್ಡ್ ವಿಷಯಕ್ಕೆ ಬರುತ್ತೇನೆ. ಗೊತ್ತಿದ್ದವರಿಗೆ ಶನಿವಾರ, ಭಾನುವಾರ ಮೈಸೂರು, ತಿರುಪತಿ ಬಾಡಿಗೆ ಹೊಡೆಯುವವರು ಇದ್ದಾರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಗಾಡಿಯನ್ನು ಯಾವುದಕ್ಕೆ ಬಳಸಬಹುದು ಎಂಬ ಪ್ಯಾರಾ ಇರುತ್ತದೆ. ಬಾಡಿಗೆಗೆ ಇಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಅಪಘಾತ ಆದರೆ ಕಂಪನಿ ತನಿಖೆಗೆ ಜನ ಕಳಿಸುತ್ತದೆ. ಒಳಗಿದ್ದವರು ಆಸ್ಪತ್ರೆಯಲ್ಲಿ "ಕಿಲೋಮೀಟರಿಗೆ ಇಷ್ಟು ಅಂತ ಮಾತಾಡ್ಕೊಂಡಿದ್ವಿ" ಅಂದರೆ ಮುಗಿಯಿತು. ನಿಮ್ಮ ಗಾಡಿ ರಿಪೇರಿಯ ಕ್ಲೇಮ್ ತಳ್ಳಿಹಾಕುತ್ತಾರೆ. 2010ರಲ್ಲಿ ಇಂಥದ್ದೇ ಒಂದು ಕೇಸಿನಲ್ಲಿ, ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಒಂದಿಷ್ಟು ದುಡ್ಡು ಕೊಡಿಸಿದೆ. ಆದರೆ ಅಲ್ಲಿಯವರೆಗೆ ಅಲೆಯುವ ಶಕ್ತಿ ಯಾರಿಗಿದೆ? ಗಾಯಗೊಂಡವರ ಪರಿಹಾರದಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಪಾಲಿಸಿಯ ಷರತ್ತು ಮುರಿದಿದ್ದರೆ ಕೋರ್ಟ್ ಕಂಪನಿಗೆ "ಮೊದಲು ನೀನು ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ" ಎನ್ನಬಹುದು. ಪರ್ಮಿಟ್ ಇಲ್ಲದ ಗಾಡಿಗೂ, ಲೈಸೆನ್ಸ್ ಮುಗಿದ ಚಾಲಕರಿಗೂ ಇದೇ ಗತಿ ಬಂದಿದೆ. ಕಂಪನಿ ಕೊಟ್ಟಿತು ಎಂದು ಸಮಾಧಾನಪಟ್ಟುಕೊಂಡವರಿಗೆ ಕೆಲವು ವರ್ಷ ಬಿಟ್ಟು ವಸೂಲಿ ನೋಟಿಸ್ ಬರುತ್ತದೆ.

ಲೈಸೆನ್ಸ್ ಬಗ್ಗೆ ಒಂದು ಒಳ್ಳೆಯ ಸುದ್ದಿ. ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಇದೆ, ಬಾಡಿಗೆ ಗಾಡಿ ಓಡಿಸುವ ಬ್ಯಾಡ್ಜ್ ಇಲ್ಲ ಎಂಬ ಕಾರಣಕ್ಕೆ ಕ್ಲೇಮ್ ನಿಲ್ಲಿಸುವುದು ಮೊದಲು ಬಹಳ ಇತ್ತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಅದನ್ನು ಇತ್ಯರ್ಥ ಮಾಡಿತು. 7,500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು, ಹಳದಿ ಬೋರ್ಡಿನ ಟ್ಯಾಕ್ಸಿ ಆದರೂ ಸರಿ. ಈ ಕಾರಣ ಹೇಳಿ ಯಾರಾದರೂ ನಿಮ್ಮ ಕ್ಲೇಮ್ ವಾಪಸ್ ಕಳಿಸಿದರೆ ಒಪ್ಪಿಕೊಂಡು ಸುಮ್ನೆ ಕೂರಬೇಡಿ. ಆದರೆ ಲೈಸೆನ್ಸ್ ಚಾಲ್ತಿಯಲ್ಲಿರಲೇಬೇಕು.

ಗಾಡಿಯ ರಿಪೇರಿ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಬಂಪರ್ ಹೋದರೆ ಅರ್ಧ ದುಡ್ಡೇ ಯಾಕೆ ಕೊಡುತ್ತಾರೆ ಎಂದು ಗ್ಯಾರೇಜಿನಲ್ಲಿ ಜಗಳ ಆಗುತ್ತದೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆಲ್ಲ ನೂರಕ್ಕೆ 50 ಸವಕಳಿ ಕಳೆಯುವುದು ಪಾಲಿಸಿಯಲ್ಲೇ ಇದೆ. ಗಾಜಿಗೆ ಸವಕಳಿ ಇಲ್ಲ. ಸವಕಳಿ ಕಳೆಯದೆ ದುಡ್ಡು ಕೊಡುವ ಜೀರೋ ಡೆಪ್ ಅನ್ನು ಟ್ಯಾಕ್ಸಿಗೆ ಎಲ್ಲ ಕಂಪನಿಗಳೂ ಕೊಡುವುದಿಲ್ಲ. ಕೊಡುವ ಕಡೆ ವರ್ಷಕ್ಕೆ ಎಷ್ಟು ಕ್ಲೇಮ್ ಅನ್ನುವುದನ್ನು ಕೇಳಿಕೊಳ್ಳಿ. ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಇರಬೇಕು, ಪಾಲಿಸಿಯಲ್ಲೂ ಇರಬೇಕು. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿನಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ನೀರು ನುಗ್ಗಿದ ನಷ್ಟಕ್ಕೆ ಪಾಲಿಸಿ ಇದೆ. ಸೆಲ್ಫ್ ಹೊಡೆದು ಇಂಜಿನ್ ಸೀಜ್ ಆದರೆ, ಇಂಜಿನ್ ಪ್ರೊಟೆಕ್ಟ್ ಅನ್ನುವ ಆಡ್ ಆನ್ ಇಲ್ಲದವರಿಗೆ ಅದು ಸಿಗುವುದಿಲ್ಲ.

ಐಡಿವಿ, ಅಂದರೆ ಪಾಲಿಸಿಯಲ್ಲಿ ನಿಮ್ಮ ಗಾಡಿಗೆ ಬರೆದಿರುವ ಬೆಲೆಯನ್ನು ಮಾತ್ರ ಗಮನ ಕೊಟ್ಟು ನೋಡಿ. ಗಾಡಿ ಕಳುವಾದರೆ, ಟೋಟಲ್ ಲಾಸ್ ಆದರೆ ಕೊಡುವುದು ಅಷ್ಟೇ. ಪ್ರೀಮಿಯಂ ಕಡಿಮೆ ಮಾಡೋಕೆ ಐಡಿವಿ ಇಳಿಸುತ್ತಾರೆ. ಸಾಲ ಇರುವ ಗಾಡಿಯಾದರೆ ಚೆಕ್ ಮೊದಲು ಫೈನಾನ್ಸ್‌ನವರಿಗೆ ಹೋಗುತ್ತದೆ. ಐಡಿವಿ ನಾಲ್ಕು ಲಕ್ಷ, ಬಾಕಿ ಸಾಲ ಐದು ಲಕ್ಷ ಇದ್ದರೆ, ಗಾಡಿಯೂ ಇಲ್ಲದೆ ಒಂದು ಲಕ್ಷ ಸಾಲ ತೀರಿಸುತ್ತಾ ಕೂರಬೇಕು.

ಕ್ಲೇಮ್ ವಿಷಯದಲ್ಲಿ ಅನ್ಯಾಯವಾಗಿದೆ ಅನ್ನಿಸಿದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. "ನಿಮ್ಮದು ಕಮರ್ಷಿಯಲ್ ಗಾಡಿ, ನೀವು ಗ್ರಾಹಕರೇ ಅಲ್ಲ" ಎಂದು ಹೆದರಿಸುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಗಾಡಿ ಇಟ್ಟುಕೊಂಡವರು ಗ್ರಾಹಕರೇ ಎಂದು ಕಾನೂನಿನಲ್ಲೇ ಇದೆ.

ಅಪಘಾತ ಆದ ಹೊತ್ತಿಗೆ ಒಂದು ಮಾತು. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆಯ ಯೋಜನೆ ಬಂದಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ ಚಿಕಿತ್ಸೆ. ತಪ್ಪು ಯಾರದು ಎಂದು ಅಲ್ಲಿ ಕೇಳುವುದಿಲ್ಲ. ಡಿವೈಡರ್‌ಗೆ ಹೊಡೆದ ಚಾಲಕರಿಗೂ ಅದು ಇದೆ. 112ಕ್ಕೆ ಫೋನ್ ಮಾಡಿ. ನಿಮ್ಮ ಕೈಲಾಗದಿದ್ದರೆ ಪಕ್ಕದವರ ಕೈಲಿ ಮಾಡಿಸಿ.

ಕೊನೆಗೆ ಇಲ್ಲಿ ಒಬ್ಬರು ಕೇಳಿದ ಪ್ರಶ್ನೆ: "ಆ್ಯಪ್ ಕಂಪನೀನೇ ಇನ್ಶೂರೆನ್ಸ್ ಕೊಡುತ್ತಲ್ಲ ಸಾರ್, ಮತ್ಯಾಕೆ ನಾವು ಬೇರೆ ಮಾಡಿಸ್ಬೇಕು?" ಇಂಥ ಆ್ಯಪ್ ಕಂಪನಿಗಳಿಗೆಂದೇ ಇರುವ ಕೇಂದ್ರದ ಅಗ್ರಿಗೇಟರ್ ಮಾರ್ಗಸೂಚಿಯಲ್ಲಿ ಚಾಲಕರಿಗೆ ಕನಿಷ್ಠ ಐದು ಲಕ್ಷದ ಆರೋಗ್ಯ ವಿಮೆ, ಸಾವಾದರೆ ಮನೆಯವರಿಗೆ ಸಿಗುವ ಹತ್ತು ಲಕ್ಷದ ಟರ್ಮ್ ವಿಮೆ ಇರಬೇಕೆಂದು 2020ರಲ್ಲೇ ಬರೆದರು, 2025ರಲ್ಲಿ ಮತ್ತೆ ಬರೆದರು. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ನಿಮ್ಮ ಹಾಗೆ ಆ್ಯಪ್‌ಗಳಿಗೆ ದುಡಿಯುವವರ ಕಾನೂನೇ ಬಂದಿದೆ. ಪ್ರತಿ ವ್ಯವಹಾರದ ಮೇಲೆ ನೂರಕ್ಕೆ ಒಂದರಿಂದ ಐದರವರೆಗೆ ಕಲ್ಯಾಣ ಶುಲ್ಕ ಸಂಗ್ರಹಿಸೋಕೆ ಅದರಲ್ಲಿ ಅವಕಾಶ ಇದೆ. ಇವೆಲ್ಲ ನಿಮ್ಮ ಹಕ್ಕು. ಹೆಸರು ನೋಂದಾಯಿಸಿಕೊಳ್ಳಿ, ಬಿಡಬೇಡಿ.

ಆದರೆ ಆ್ಯಪಿನ ವಿಮೆ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಅನ್ನುವುದನ್ನು ಕೇಳಿ. ಅಮೆರಿಕದಲ್ಲಿ ಮನೆಯ ಕಾರನ್ನೇ ಊಬರ್‌ಗೆ ಓಡಿಸುತ್ತಾರೆ. 2013ರ ಡಿಸೆಂಬರ್ 31ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಥ ಕಾರೊಂದು ಡಿಕ್ಕಿ ಹೊಡೆದು ಆರು ವರ್ಷದ ಮಗು ತೀರಿಕೊಂಡಿತು. ಚಾಲಕ ಆ್ಯಪ್ ಆನ್ ಮಾಡಿಕೊಂಡು ಬಾಡಿಗೆಗೆ ಕಾಯುತ್ತಿದ್ದ. ಕಾರಿನಲ್ಲಿ ಪ್ರಯಾಣಿಕರು ಇರಲಿಲ್ಲ, ಹಾಗಾಗಿ ಹೊಣೆ ನಮ್ಮದಲ್ಲ ಎಂದು ಕಂಪನಿ ಹೇಳಿತು. ಇದಾದ ಮೇಲೆ ಕ್ಯಾಲಿಫೋರ್ನಿಯಾ 2014ರಲ್ಲಿ ಕಾನೂನು ಮಾಡಿ, ಕಾಯುವ ಹೊತ್ತಿಗೂ ವಿಮೆ ಇರಲೇಬೇಕು ಎಂದಿತು. ನಮ್ಮಲ್ಲಿ ಹಳದಿ ಬೋರ್ಡ್ ಪಾಲಿಸಿ ಇಪ್ಪತ್ನಾಲ್ಕು ಗಂಟೆಯೂ ಇರುವುದರಿಂದ ರಸ್ತೆಯಲ್ಲಿರುವ ಬೇರೆಯವರಿಗೆ ಆ ತೊಂದರೆ ಇಲ್ಲ. ನಿಮಗೆ ಇದೆ. ಡ್ರಾಪ್ ಮುಗಿಸಿ ಖಾಲಿ ಬರುವಾಗ, ಹೆಬ್ಬಾಳದ ಹತ್ತಿರ ಬಾಡಿಗೆ ಕಾಯುವಾಗ, ಲಾಗೌಟ್ ಮಾಡಿ ಮನೆಗೆ ಹೋಗುವಾಗ ಆ್ಯಪಿನ ವಿಮೆ ಇದೆಯಾ?

ಇದನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಆ್ಯಪಿನ ಹೆಲ್ಪ್‌ನಲ್ಲಿ ಬರೆದು ಕೇಳಿ, ಇಲ್ಲವೇ ಇಮೇಲ್ ಮಾಡಿ. ಪಾಲಿಸಿ ನಂಬರ್ ಕೊಡಿ ಅನ್ನಿ. ಯಾವ ಕಂಪನಿಯ ಪಾಲಿಸಿ, ಯಾವ ಆಸ್ಪತ್ರೆಗಳು, ಖಾಲಿ ಗಾಡಿಯಲ್ಲಿದ್ದರೆ ಸಿಗುತ್ತದಾ, ನಾಮಿನಿ ಯಾರು ಎಂದು ದಾಖಲಾಗಿದೆ, ಈ ನಾಲ್ಕಕ್ಕೂ ಲಿಖಿತ ಉತ್ತರ ತಗೊಳ್ಳಿ. ಆ ಉತ್ತರವನ್ನೂ ಗಾಡಿಯ ಪಾಲಿಸಿಯ ಪಿಡಿಎಫನ್ನೂ ಇವತ್ತು ರಾತ್ರಿಯೇ ಮನೆಯವರ ಫೋನಿಗೆ ಕಳಿಸಿ. ನಾಮಿನಿ ಜಾಗದಲ್ಲಿ ತೀರಿಹೋದ ಅಪ್ಪನ ಹೆಸರು ಇನ್ನೂ ಇದ್ದರೆ, ರಿನ್ಯೂವಲ್‌ವರೆಗೆ ಕಾಯದೆ ಬದಲಾಯಿಸಿಕೊಳ್ಳಿ.